ಹಿಂಗಿನ ಮಹಮುದಾಳ ಮೂಗು

ಮಾಡಗ್ಯಾಳದ ಕುರಿಗೆ ಬೆಲೆ ಬರುವುದು ಮೂಗಿನಿಂದ. ಗಿಳಿಯ ಕೊಕ್ಕಿನ ಹಾಗೆ ಬಾಗಿ ಇಳಿದ ಮೂಗು ಕಂಡರೆ ಸಾಕು, ಕೊಳ್ಳುವವನು ಹಲ್ಲು ನೋಡುವ ಮೊದಲೇ ಅರ್ಧ ಸೋತಿರುತ್ತಾನೆ. ಅದೇ ಊರಲ್ಲಿ ಮೂಗಿನಿಂದಲೇ ಬೆಲೆ ಪಡೆದ ಇನ್ನೊಂದು ಜೀವವೆಂದರೆ ಮಹಮುದಾ. ಅವಳ ಮೂಗು ನೋಡಲಿಕ್ಕೆ ಏನೂ ಅಲ್ಲ, ತುಸು ಮೊಂಡು. ಆದರೆ ಮುಂಬೈಯ ವ್ಯಾಪಾರಿ ಕಳಿಸಿದ ಹಸಿ ಇಂಗಿನ ಗಂಟನ್ನು ಒಮ್ಮೆ ಮೂಸಿದಳೆಂದರೆ, ಇದಕ್ಕೆ ಎಷ್ಟು ಗೋದಿಹಿಟ್ಟು ಹಿಡಿಯುತ್ತದೆ, ಎಷ್ಟು ಅಂಟು ಬೇಕು, ವ್ಯಾಪಾರಿ ಹಳೆಯ ಸರಕನ್ನು ಹೊಸದರ ಹೊಟ್ಟೆಯಲ್ಲಿ ತುರುಕಿದ್ದಾನೋ ಇಲ್ಲವೋ ಎಲ್ಲವನ್ನೂ ನಿಂತ ಕಾಲಲ್ಲೇ ಹೇಳುತ್ತಿದ್ದಳು. ತಕ್ಕಡಿ ಅವಳ ಮನೆಯಲ್ಲೂ ಇತ್ತು. ಅದರ ತಟ್ಟೆಯಲ್ಲಿ ಗಂಡ ಸರದಾರ ಗುಂಡಿ, ಸೂಜಿ ಇಟ್ಟುಕೊಳ್ಳುತ್ತಿದ್ದ. ಅವನು ದರ್ಜಿ.

ಪುಸ್ತಕದ ಕನ್ನಡದಲ್ಲಿ ಅದು ಇಂಗು. ಮಹಾರಾಷ್ಟ್ರದ ಗಡಿಯ ಈ ಜತ್ತ ತಾಲೂಕಿನ ಬಾಯಲ್ಲಿ ಹಿಂಗ. ಅದೇ ಬಾಯಲ್ಲಿ ‘ಹೀಗೆ’ ಅನ್ನುವುದಕ್ಕೂ ಹಿಂಗ. ಹಾಗಾಗಿ ಮೂವತ್ತು ವರ್ಷದಿಂದ ಅವಳು ಯಾವ ಮನೆ ಬಾಗಿಲಿಗೆ ಹೋಗಿ “ಹಿಂಗ ಬೇಕೇನ್ರಿ?” ಅಂದರೂ, ಒಳಗಿನಿಂದ ಒಬ್ಬರಾದರೂ “ಹಿಂಗ ಬ್ಯಾಡ, ಹಂಗ ಕೊಡು” ಅನ್ನದೇ ಬಿಟ್ಟವರಿಲ್ಲ. ಮಹಮುದಾ ಪ್ರತಿ ಸಲವೂ ಮೊದಲ ಸಲ ಕೇಳಿದವಳಂತೆ ನಗುತ್ತಿದ್ದಳು. ವ್ಯಾಪಾರ ಅಂದಮೇಲೆ ಇಷ್ಟು ನಗದಿದ್ದರೆ ಹೇಗೆ!

ಹಸಿ ಇಂಗನ್ನು ಹಾಗೇ ತಿನ್ನಲಾಗದು. ಅದು ಗಿಡದ ಬೇರಿನ ಹಾಲು ಗಟ್ಟಿಯಾದದ್ದು, ನಾಲಿಗೆಗೆ ಇಟ್ಟರೆ ನೆತ್ತಿಗೆ ಏರುತ್ತದೆ. ಅದನ್ನು ನೀರಲ್ಲಿ ಕರಗಿಸಿ, ಹಿಟ್ಟು ಅಂಟು ಸೇರಿಸಿ ನಾದಿ, ಒಣಗಿಸಿ, ತುಂಡು ಮಾಡಬೇಕು. ಒಂದು ಗಂಟಿನ ಕಸುವು ಇನ್ನೊಂದಕ್ಕಿಲ್ಲ. ಒಂದಕ್ಕೆ ಮೂರು ಪಾಲು ಹಿಟ್ಟು ಸಾಕಾದರೆ ಇನ್ನೊಂದಕ್ಕೆ ಆರು ಪಾಲು ಬೇಕು. ಮಾವ ಕಲಿಸಿದ್ದು ಇಷ್ಟೇ: “ಕಣ್ಣು ಮುಚ್ಚು, ಮೂಗು ತೆಗಿ.” ಆ ವಿದ್ಯೆಯಲ್ಲೇ ಮಾಡಗ್ಯಾಳ, ಗುಡ್ಡಾಪುರ, ಯಳವಿಯ ಅಡುಗೆಮನೆಗಳ ಸಾರು ಇಷ್ಟು ವರ್ಷ ಘಮಗುಟ್ಟಿತ್ತು.

ಕೊರೊನಾದ ಎರಡನೆಯ ಅಲೆಯಲ್ಲಿ ಮಹಮುದಾ ಹದಿನೈದು ದಿನ ಹಾಸಿಗೆ ಹಿಡಿದಳು. ಜ್ವರ ಹೋಯಿತು, ಕೆಮ್ಮು ಹೋಯಿತು, ಜೊತೆಗೆ ಮೂಗೂ ಹೋಯಿತು. ಇಂಗಿನ ಡಬ್ಬಿಯಲ್ಲಿ ಮುಖ ಹುಗಿದರೂ ಏನೂ ಇಲ್ಲ. ಅವಳು ಅದನ್ನು ಯಾರಿಗೂ ಹೇಳಲಿಲ್ಲ. ಹೇಳುವುದಾದರೂ ಹೇಗೆ? ಕಣ್ಣು ಹೋದ ಅಕ್ಕಸಾಲಿಗನ ಕೈಗೆ ಯಾರು ಬಂಗಾರ ಕೊಡುತ್ತಾರೆ?

ಲಿಂಬೆಕಾಯಿಯ ಹಂಗಾಮು ಬಂತು. ಯಳವಿಯ ಇಂದ್ರಾಬಾಯಿಗೆ ಸರಕು ಹೋಗಲೇಬೇಕು. ಇಂದ್ರಾಬಾಯಿ ಅಂದರೆ ರೇವಪ್ಪನವರ ಹೆಂಡತಿ, ಹೆಂಗಸರ ಬಚತ ಗಟದ, ಅಂದರೆ ಉಳಿತಾಯ ಸಂಘದ, ಮುಖ್ಯಸ್ಥೆ. ಹನ್ನೆರಡು ಹೆಂಗಸರು ಕೂಡಿ ಹಪ್ಪಳ, ಶೇಂಗಾ ಚಟ್ನಿ, ಉಪ್ಪಿನಕಾಯಿ ಮಾಡಿ ಸಾಂಗಲಿಯವರೆಗೆ ಕಳಿಸುವವರು. ಮಹಮುದಾಳ ಇಂಗಿನಲ್ಲಿ ಮುಕ್ಕಾಲು ಭಾಗ ಹೋಗುತ್ತಿದ್ದದ್ದು ಆ ಗಟಕ್ಕೇ. ಮಹಮುದಾ ಹಸಿ ಇಂಗಿನ ಗಂಟನ್ನು ಗಂಡನ ಮೂಗಿನ ಕೆಳಗೆ ಹಿಡಿದಳು.

“ಹೆಂಗದ ನೋಡ್ರಿ?”

ಸರದಾರ ನಲವತ್ತು ವರ್ಷದಿಂದ ತಪಕೀರು ಏರಿಸುವ ಮನುಷ್ಯ. ಅವನ ಮೂಗು ನಶ್ಯದ ಡಬ್ಬಿಯೇ ಹೊರತು ಮೂಗಲ್ಲ. “ಭಾಳ ಚಲೋ ಅದ,” ಅಂದ. ಹೊಲಿಗೆ ಮಷಿನ್‌ನಿಂದ ತಲೆಯನ್ನೂ ಎತ್ತಲಿಲ್ಲ. ಅವಳು ಅಂದಾಜಿನ ಮೇಲೆ ಐದು ಪಾಲು ಹಿಟ್ಟು ಹಾಕಿದಳು. ಗಂಟು ಹಳಸಿದ್ದು, ಎರಡು ಪಾಲಿಗೇ ಸೋಲುವಂಥದ್ದು.

ತಿಂಗಳೊಪ್ಪತ್ತಿನಲ್ಲಿ ಇಂದ್ರಾಬಾಯಿ ಅವಳನ್ನು ಕರೆಸಿದಳು. ಅಂಗಳದಲ್ಲಿ ಭರಣಿಗಳ ಸಾಲು. ಒಂದರ ಮುಚ್ಚಳ ತೆಗೆದು ಮುಂದೆ ಸರಿಸಿದಳು.

“ಮಹಮುದಾ, ಈ ಸಲ ಹಿಂಗ ಹಿಂಗ್ಯಾಕ ಆತು? ಮಣ್ಣ ಹಾಕಿದಂಗ ಅದ. ಸಾಂಗಲಿಯವ್ರು ಅರ್ಧಾ ಮಾಲು ವಾಪಸ್ ಕಳಸ್ಯಾರ.”

ಬೇರೆ ದಿನವಾಗಿದ್ದರೆ ಆ ಮಾತಿಗೆ ಅಂಗಳವೆಲ್ಲ ನಗುತ್ತಿತ್ತು. ಅಂದು ಯಾರೂ ನಗಲಿಲ್ಲ. ಗಟದ ಚಂದ್ರಾಬಾಯಿ, ನಾಲಿಗೆಗೆ ಎಲುಬಿಲ್ಲದವಳು, “ಕಂಪನಿ ಪಾಕೀಟ ತರೋಣ್ರಿ ಅಕ್ಕಾರ. ಅದಕ್ಕ ಜ್ವರಾ ಬರೂದಿಲ್ಲ” ಅಂದಳು.

ಇಂದ್ರಾಬಾಯಿ ಕೆಟ್ಟವಳಲ್ಲ. ಆದರೆ ಅವಳ ಬೆನ್ನ ಹಿಂದೆ ಹನ್ನೆರಡು ಒಲೆಗಳಿದ್ದವು. “ಮಾವಿನಕಾಯಿ ಹಂಗಾಮಿನತನ ತಡೀತೀನಿ,” ಅಂದಳು. “ಆಗ ನೀ ತಂದ ಹಿಂಗ ಎಲ್ಲಾರ ಮುಂದ ಎಣ್ಣ್ಯಾಗ ಬೀಳತದ. ಚಲೋ ಇದ್ರ ನಿಂದ, ಇಲ್ಲಂದ್ರ ಪಾಕೀಟ. ಇದರಾಗ ನಾ ಮುಲಾಜ ನೋಡಂಗಿಲ್ಲ. ಗುಡ್ಡಾಪುರದ ದಾನಮ್ಮನ ಆಣಿ.”

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮೂವತ್ತು ವರ್ಷದ ಹೆಸರು ಒಂದು ಭರಣಿಯಲ್ಲಿ ಮುಳುಗಿತ್ತು. ಎಸ್.ಟಿ. ಬಸ್ಸಿನಲ್ಲಿ ಕೂತು ಮಹಮುದಾ ಅಳಲಿಲ್ಲ. ಅವಳಿಗೆ ಸಿಟ್ಟು ಬಂದಿತ್ತು. ಸಿಟ್ಟು ಇಂದ್ರಾಬಾಯಿಯ ಮೇಲಲ್ಲ, ಚಂದ್ರಾಬಾಯಿಯ ಮೇಲೂ ಅಲ್ಲ, ತನ್ನ ಮುಖದ ನಡುವೆ ಸುಮ್ಮನೆ ಕೂತಿದ್ದ ಆ ಮೊಂಡು ಮೂಗಿನ ಮೇಲೆ.

ದೀಪಾವಳಿಯ ಹೊತ್ತಿಗೆ ಒಂದು ಬೆಳಿಗ್ಗೆ ಮೂಗಿಗೆ ಏನೋ ಬಡಿಯಿತು. ಅವಳು ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ಬಂತು, ವಾಸನೆ ಬಂತು! ಚಾಕು ಬಿಟ್ಟು ಎದ್ದು ನಿಂತಳು. ಮರುಗಳಿಗೆಯೇ ಹೊರಗೆ ಓಡಿ ಚರಂಡಿಯ ಮೇಲೆ ವಾಂತಿ ಮಾಡಿಕೊಂಡಳು. ಬಂದದ್ದು ಉಳ್ಳಾಗಡ್ಡಿಯ ವಾಸನೆ ಆಗಿರಲಿಲ್ಲ. ಸತ್ತು ಕೊಳೆತದ್ದನ್ನು ರಬ್ಬರಿನ ಜೊತೆ ಸುಟ್ಟ ಹಾಗಿತ್ತು. ಬಳ್ಳೊಳ್ಳಿ ಮೂಸಿದರೂ ಅದೇ, ಮೂಲಂಗಿಯೂ ಅದೇ. ಕೊನೆಗೆ ಗಟ್ಟಿ ಮನಸ್ಸು ಮಾಡಿ ಇಂಗಿನ ಡಬ್ಬಿ ತೆರೆದಳು. ಅದು ಎಲ್ಲಕ್ಕಿಂತ ಹೊಲಸಾಗಿತ್ತು.

ಇಂಗು ತಿಂದ ಮಂಗನ ಕತೆ ಕೇಳಿದ್ದೇವೆ. ಇಂಗು ಮಾರುವವಳೇ ಇಂಗು ಕಂಡರೆ ಓಡುವ ಕತೆಯನ್ನು ನಾನಂತೂ ಕೇಳಿರಲಿಲ್ಲ. ಅವಳ ಮನೆಯ ಗೋಡೆ, ಹಾಸಿಗೆ, ಕುಪ್ಪಸ, ಗಂಡನ ಟೋಪಿ, ಎಲ್ಲವೂ ಮೂವತ್ತು ವರ್ಷದ ಇಂಗು ಕುಡಿದಂಥವು. ತನ್ನ ಮನೆಯಲ್ಲೇ ಉಸಿರಾಡಲು ಆಗದೆ ಅವಳು ಅಂಗಳದ ಬೇವಿನ ಮರದ ಕೆಳಗೆ ಕೂರತೊಡಗಿದಳು. ಊಟ ಅಂದರೆ ಜೋಳದ ರೊಟ್ಟಿ, ಮೊಸರು, ಉಪ್ಪು.

ಆಗ ಬಂದದ್ದು ಗ್ಯಾಸಿನ ಪ್ರಸಂಗ.

ಮಾಡಗ್ಯಾಳದಲ್ಲೇ ಮಲ್ಲಿನಾಥ ಗುರೂಜಿಯ ಮನೆ. ಕನ್ನಡ ಸಾಲಿಯಲ್ಲಿ ವಿಜ್ಞಾನ ಹೇಳುವವರು, ಹಳೆಯ ಗಿರಾಕಿ. ಮಹಮುದಾ ಅವರ ಮನೆಗೆ ಹೋದದ್ದು ಮಾರಲಿಕ್ಕಲ್ಲ, ಕಳೆದ ಸಲ ಕೊಟ್ಟ ಸಪ್ಪೆ ಸರಕನ್ನು ವಾಪಸು ಇಸಿದುಕೊಳ್ಳಲಿಕ್ಕೆ. ಪಡಸಾಲೆಯಲ್ಲಿ ಕೂತಿದ್ದಳು. ಒಳಗೆ ಗುರೂಜಿಯ ಹೆಂಡತಿ ದೀಪಾಲಿ, ನೆಗಡಿಯಿಂದ ಮೂಗು ಕಟ್ಟಿಕೊಂಡವಳು, ಹೊಸ ಸಿಲಿಂಡರಿಗೆ ರೆಗ್ಯುಲೇಟರ್ ಕೂರಿಸುತ್ತಿದ್ದಳು. ಇದ್ದಕ್ಕಿದ್ದಂತೆ ಮಹಮುದಾಳ ಮೂಗಿಗೆ ಆ ಹೊಲಸು ಬಡಿಯಿತು. ಇಷ್ಟು ಜೋರಾಗಿ ಬರಬೇಕಾದರೆ ಇಂಗಿನ ಡಬ್ಬಿಯೇ ಆಗಿರಬೇಕು ಅಂದುಕೊಂಡಳು.

“ದೀಪಾಲಿ, ಒಳಗ ಹಿಂಗ ತೆರದಿಯೇನ?”

“ಹಿಂಗ ಅಲ್ದ ಮತ್ತ ಹೆಂಗ ತೆರೀತಾರ? ಬಲಕ್ಕ ತಿರುವೀನಿ.”

“ಅಯ್ಯ, ತಿರುವೋದಲ್ಲ, ಹಿಂಗ ಮುಚ್ಚು! ಲಗೂನ ಮುಚ್ಚು!”

“ಹಿಂಗ ಮುಚ್ಚಲೋ ಹಂಗ ಮುಚ್ಚಲೋ, ನೀನ ಬಂದು ತೋರ್ಸು ಬಾ,” ಅಂದ ದೀಪಾಲಿ ಕಡ್ಡಿಪೆಟ್ಟಿಗೆಗೆ ಕೈ ಹಾಕಿದಳು.

ಅಷ್ಟರಲ್ಲಿ ಮಹಮುದಾಳ ಕೂಗು ಕೇಳಿ ಹಿತ್ತಲಿನಿಂದ ಗುರೂಜಿ ಬಂದವರು ಬಾಗಿಲಲ್ಲೇ ಮೂಗರಳಿಸಿ, “ಕಡ್ಡಿ ಕೆಳಗ ಇಡು!” ಎಂದು ಕೂಗಿದರು. ರೆಗ್ಯುಲೇಟರ್ ಕಿತ್ತು, ಸಿಲಿಂಡರಿನ ಬಾಯಿಗೆ ಮುಚ್ಚಳ ಹಾಕಿ, ಕಿಟಕಿ ಬಾಗಿಲು ಎಲ್ಲ ತೆರೆದರು. ಒಳಗಿನ ರಬ್ಬರ್ ಬಳೆ ಹರಿದಿತ್ತು. ಮೂವರೂ ಅಂಗಳದಲ್ಲಿ ನಿಂತರು.

“ಹಿಂಗಲ್ಲ ಅಕ್ಕಾರ, ಗ್ಯಾಸ್ ಅದು,” ಅಂದರು ಗುರೂಜಿ. “ಆದ್ರ ನೀವು ಒದರಿದ್ದು ಚಲೋ ಆತು.”

“ಗ್ಯಾಸಿಗೂ ಹಿಂಗಿನ ವಾಸನಿ ಯಾಕ ಬಂತ್ರಿ?” ಕೇಳುತ್ತಲೇ ಮಹಮುದಾಳ ಕಟ್ಟೆ ಒಡೆಯಿತು. ಜ್ವರ, ಮೂಗು ಹೋದದ್ದು, ಉಳ್ಳಾಗಡ್ಡಿ, ವಾಂತಿ, ಇಂದ್ರಾಬಾಯಿಯ ಆಣೆ, ಆರು ತಿಂಗಳಿನಿಂದ ಗಂಡನಿಗೂ ಹೇಳದ್ದನ್ನೆಲ್ಲ ಹೇಳಿ ಮುಗಿಸಿದಳು.

ಗುರೂಜಿ ಕೈ ಮೇಲೆ ಕೈ ಬಡಿದರು. ವಿಜ್ಞಾನದ ಮಾಸ್ತರರಿಗೆ ಯಾರದೋ ಕಷ್ಟದಲ್ಲೂ ಪಾಠ ಸಿಕ್ಕರೆ ಖುಷಿಯೇ.

“ಅಕ್ಕಾರ, ಗ್ಯಾಸಿಗೆ ತನ್ನದಂತ ವಾಸನಿ ಇಲ್ಲ. ಸೋರಿದ್ದು ಮಂದಿಗೆ ತಿಳೀಲಿ ಅಂತ ಕಂಪನಿಯವ್ರ ಒಂದೀಟು ಗಂಧಕದ ಪದಾರ್ಥ ಕೂಡಸ್ತಾರ. ದ್ರಾಕ್ಷಿ ಒಣಗಸೋ ಶೆಡ್‌ನ್ಯಾಗ ಸುಡ್ತಾರಲ್ಲ, ಅದ ಗಂಧಕ. ಅದು ಇಂಗಾಲದ ಜೋಡಿ ಬೀಗತನ ಮಾಡ್ತಂದ್ರ ಹುಟ್ಟೋ ಮಕ್ಕಳು ಭಾಳ ಮಂದಿ ನಾರೋ ಮಕ್ಕಳ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಮೂಲಂಗಿ, ಸಾಸಿವಿ, ನಿಮ್ಮ ಹಿಂಗ, ಈ ಗ್ಯಾಸಿನ ವಾಸನಿ, ಎಲ್ಲಾ ಒಂದ ಮನಿತನ.”

“ಮತ್ತ ಇಡೀ ಬಳ್ಳೊಳ್ಳಿ ನಾರಂಗಿಲ್ಲಲ್ರಿ?”

“ಅದರಾಗ ಗಂಧಕದ ಮಾಲು ಒಂದು ಖೋಲಿಯೊಳಗ, ಅದನ್ನ ಮುರಿಯೋ ರಸ ಇನ್ನೊಂದು ಖೋಲಿಯೊಳಗ ಇರತದ. ನೀವು ಜಜ್ಜಿದ್ರ ನಡುವಿನ ಗ್ವಾಡಿ ಬೀಳತದ, ಎರಡೂ ಕೂಡತಾವ, ಆಗ ಘಾಟು ಹುಟ್ಟತದ. ಗಿಡಾ ಅದನ್ನ ನಮ್ಮ ಸಾರಿಗಂತ ಮಾಡಿದ್ದಲ್ರಿ. ಹುಳಾ ತಿನ್ನಬಾರದು, ದನಾ ಮೇಯಬಾರದು ಅಂತ ಮಾಡಿದ್ದು. ಮಂದಿ ಅದನ್ನ ಒಗ್ಗರಣಿಗೆ ಹಾಕಿದ್ರು.”

ಆಮೇಲೆ ಅವರು ಮೂಗಿನ ಮಾತಿಗೆ ಬಂದರು. ಜ್ವರ ಮೂಗಿನ ಒಳಗಿನ ಎಳೆಗಳನ್ನು ಸುಟ್ಟಿದೆ, ಈಗ ಹೊಸವು ಚಿಗುರುತ್ತಿವೆ, ಆದರೆ ತಂತಿ ಅದಲುಬದಲಾಗಿ ಕೂಡಿವೆ, ಬಹಳ ಜನರಿಗೆ ಹೀಗಾಗಿದೆ ಅಂದರು. ಮನುಷ್ಯನ ಮೂಗು ಗಂಧಕದ ಮನೆತನವನ್ನು ಕಣದಷ್ಟಿದ್ದರೂ ಹಿಡಿಯುತ್ತದೆ, ಅದಕ್ಕೇ ಅಲ್ಲಿಯೇ ಹೆಚ್ಚು ಕೆಟ್ಟಿದೆ. “ದಿನಾ ಮೂಸಿ, ಹೆಸರು ಹೇಳಿ ರೂಢಿ ಮಾಡ್ರಿ. ಸಣ್ಣ ಹುಡುಗರಿಗೆ ಅಕ್ಷರಾ ತಿದ್ದಿಸಿದಂಗ. ಸರಿ ಆದ್ರೂ ಆದೀತು. ಆಗೇ ಆಗತದ ಅಂತ ಮಾತ್ರ ಹೇಳಲಾರೆ. ಸದ್ಯಕ್ಕ ನಿಮ್ಮ ಮೂಗು ಸುಳ್ಳು ಹೇಳಾಕತ್ತದ.”

ಮಹಮುದಾ ಕೇಳಿದಳು, “ಗ್ಯಾಸು ಸಣ್ಣಗ ಸೋರಿದ್ರ ಸಣ್ಣ ಹೊಲಸು, ಜೋರ ಸೋರಿದ್ರ ಜೋರ ಹೊಲಸು. ಅಷ್ಟರ ಖರೇ ಹೇಳತದಲ್ರಿ?”

“ಅದು ಹೇಳತದ.”

“ಹಂಗಾರ ಸಾಕ್ರಿ ಗುರೂಜಿ. ದಿನಾ ಅದ ಒಂದ ಸುಳ್ಳು ಹೇಳೋರ ಜೋಡಿ ಬಾಳೇವು ಮಾಡಬಹುದು. ನಾ ಮೂವತ್ತು ವರ್ಷ ಮಾಡೀನಿ.”

ಮನೆಗೆ ಬಂದವಳೇ ಗಂಡನಿಗೆ ಎಲ್ಲವನ್ನೂ ಹೇಳಿದಳು. ಸರದಾರ ಮಷಿನ್ ನಿಲ್ಲಿಸಿದ. ಪಾಪ, ಅವನು ಹೆಂಡತಿಗೆ ತನ್ನ ಮೇಲೆ ಅಸಹ್ಯ ಹುಟ್ಟಿದೆ, ಅದಕ್ಕೇ ಹೊರಗೆ ಕೂರುತ್ತಾಳೆ ಅಂದುಕೊಂಡು ಒಳಗೊಳಗೇ ಸೊರಗಿದ್ದ. “ಇಷ್ಟ ಏನ?” ಅಂದು ನಕ್ಕ. ಆಮೇಲೆ ಮೆಲ್ಲಗೆ, “ಬಿಟ್ಟುಬಿಡ. ಕಂಪನಿ ಹಿಂಗ ತಂದು ನಿನ್ನ ಚೀಲದಾಗ ಹಾಕಿ ಮಾರೋಣ. ಯಾರಿಗಿ ತಿಳೀತದ?” ಅಂದ.

“ನನಗ ತಿಳೀತದಲ್ರಿ!” ಅಂದಳು. ಆ ದನಿ ಕೇಳಿ ಸರದಾರ ಮತ್ತೆ ಆ ಮಾತು ಎತ್ತಲಿಲ್ಲ.

ಮರುದಿನ ಎಂಟು ಸಣ್ಣ ಡಬ್ಬಿ ಸಾಲಾಗಿ ಕೂತವು. ಮೊದಲನೆಯದರಲ್ಲಿ ಜ್ವರಕ್ಕೆ ಮೊದಲೇ ಮೂಸಿ ಇಟ್ಟಿದ್ದ ಹಸಿ ಇಂಗಿಗೆ ಒಂದು ಪಾಲು ಹಿಟ್ಟು, ಎರಡನೆಯದರಲ್ಲಿ ಎರಡು, ಹೀಗೆ ಎಂಟರವರೆಗೆ. ತಳದಲ್ಲಿ ಚೀಟಿ. ಬೆಳಗಿನ ನಮಾಜು ಮುಗಿಸಿ ಚಹಾ ಕುಡಿಯುವ ಮೊದಲು ಸರದಾರ ಡಬ್ಬಿಗಳನ್ನು ಅದಲುಬದಲು ಮಾಡಿ ಇಡಬೇಕು, ಅವಳು ಕಣ್ಣು ಮುಚ್ಚಿ ಮೂಸಿ ಯಾವುದು ಎಷ್ಟರದು ಅಂತ ಹೇಳಬೇಕು. ಮೊದಲ ದಿನ ಮೂರನೆಯ ಡಬ್ಬಿಗೇ ವಾಂತಿ. ಎರಡನೆಯ ದಿನ ನಾಲ್ಕನೆಯದಕ್ಕೆ. “ಒಂದು ಡಬ್ಬಿ ಮುಂದ ಹೋದೆ,” ಅಂದು ಬಾಯಿ ತೊಳೆದುಕೊಂಡಳು.

ತಿಂಗಳಾದರೂ ಎಂಟರಲ್ಲಿ ಎರಡೋ ಮೂರೋ ಸರಿ. ಎಲ್ಲವೂ ಹೊಲಸೇ ಆದರೆ ಹೊಲಸು ಹೊಲಸಿನ ನಡುವೆ ಗೆರೆ ಎಳೆಯುವುದು ಹೇಗೆ? ಆಗ ಅವಳಿಗೆ ಹೊಳೆದದ್ದು ಹೆಸರಿಡುವ ಉಪಾಯ. ಒಳ್ಳೆಯ ವಾಸನೆಗೆ ಕನ್ನಡದಲ್ಲೂ ದಖನಿಯಲ್ಲೂ ಬೇಕಾದಷ್ಟು ಮಾತಿವೆ, ಹೊಲಸಿಗೆ ಯಾರು ಹೆಸರಿಟ್ಟಿದ್ದಾರೆ? ಅವಳು ಇಟ್ಟಳು. ಎಂಟನೆಯದು ‘ತೋದ ಗೋಣಿಚೀಲ’. ಏಳನೆಯದು ‘ಮುಗ್ಗಿದ ಹಿಂಡಿ’. ಐದು, ಅಂದರೆ ಆ ಗಂಟಿನ ಸರಿಯಾದ ಹದ, ‘ಮಳಿಗಾಲದ ಗಟಾರ’. ಮೂರು ‘ಸತ್ತ ಇಲಿ’. ಎರಡು ‘ನಾಕು ದಿನದ ಸತ್ತ ಇಲಿ’. ಒಂದಕ್ಕೆ ಇಟ್ಟ ಹೆಸರನ್ನು ಇಲ್ಲಿ ಬರೆಯಲಾಗದು. ಸರದಾರ ಅದನ್ನು ಕೇಳಿ ಬಿದ್ದು ಬಿದ್ದು ನಕ್ಕ, ಊರಲ್ಲಿ ಯಾರಿಗೂ ಹೇಳಬೇಡವೆಂದು ಕೈ ಮುಗಿದ.

ಹೆಸರು ಸಿಕ್ಕ ಮೇಲೆ ಡಬ್ಬಿಗಳು ಒಂದೊಂದಾಗಿ ಬೇರೆಯಾದವು. ಸಂಕ್ರಮಣದ ಹೊತ್ತಿಗೆ ಐದು ಸರಿ. ಶಿವರಾತ್ರಿಗೆ ಆರು. ನಡುವೆ ಒಮ್ಮೆ ನೆಗಡಿ ಬಂದು ಮತ್ತೆ ಎರಡಕ್ಕೆ ಇಳಿಯಿತು. ಅಂದು ಮಾತ್ರ ಅವಳು ಬೇವಿನ ಮರಕ್ಕೆ ಒರಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಸರದಾರ ಬಂದು ಪಕ್ಕದಲ್ಲಿ ಕೂತ. ಆ ದಿನದಿಂದ ಅವನು ತಪಕೀರು ಬಿಟ್ಟ, ತನ್ನ ಮೂಗಾದರೂ ಸಹಾಯಕ್ಕೆ ಬರಲಿ ಅಂತ. ಬರಲಿಲ್ಲ, ಆ ಮಾತು ಬೇರೆ. ಮರುದಿನ ಬೆಳಿಗ್ಗೆ ಎಂಟು ಡಬ್ಬಿ ಮತ್ತೆ ಸಾಲಾದವು. ಯುಗಾದಿ ಕಳೆದ ಮೇಲೆ ಒಂಬತ್ತು ದಿನ ಬಿಡದೆ ಎಂಟಕ್ಕೆ ಎಂಟು ಸರಿ ಬಂತು.

ಆದರೆ ಹೊಲಸು ಹೊಲಸಾಗಿಯೇ ಇತ್ತು. ಅವಳು ದಿನಾ ಕಾದಳು, ಇಂದಾದರೂ ಇಂಗು ಇಂಗಿನ ಹಾಗೆ ಘಮ್ಮೆಂದೀತೆಂದು. ಘಮ್ಮೆನ್ನಲಿಲ್ಲ.

ಮಾವಿನಕಾಯಿ ಬಂತು. ಮುಂಬೈಯಿಂದ ಗಂಟು ಬಂತು. ಮಹಮುದಾ ಮೂಸಿದಳು, ಹೊರಗೆ ಹೋಗಿ ಉಗುಳಿ ಬಂದಳು, ಮತ್ತೆ ಮೂಸಿದಳು. ಗಂಟನ್ನು ಬಿಚ್ಚಿ ಅರ್ಧ ಭಾಗವನ್ನು ಪಕ್ಕಕ್ಕಿಟ್ಟು, ಹಳೆಯ ಸರಕು ತುರುಕಿದ್ದಾನೆಂದು ವ್ಯಾಪಾರಿಗೆ ಫೋನಿನಲ್ಲೇ ಬೈದಳು. ಅವನು ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ, ಬೇರೆ ಕಳಿಸಿದ. ಹೊಸ ಗಂಟಿಗೆ ಹಿಟ್ಟು ಹಾಕುತ್ತ ಹೋದಳು. ‘ಮಳಿಗಾಲದ ಗಟಾರ’ ಬರುವವರೆಗೆ ಹಾಕಿ ನಿಲ್ಲಿಸಿದಳು. ಈ ಸಲ ಅದಕ್ಕೆ ಏಳು ಪಾಲು ಹಿಡಿಯಿತು. ಮಾರುವ ಇಂಗಿಗೆ ಏಳು ಪಾಲು ಅವಳು ಆಯುಷ್ಯದಲ್ಲೇ ಹಾಕಿರಲಿಲ್ಲ. ಸರದಾರನಿಗೆ ಗಾಬರಿಯಾಯಿತು. “ಒಂದ ಪಾಲು ಕಡಿಮಿ ಮಾಡಬೇಕಿತ್ತಲ್ಲ?” ಅಂದ. ಅವಳು ಇನ್ನೊಮ್ಮೆ ಮೂಸಿ ನೋಡಿ ಹಿಟ್ಟಿನ ಕೈ ತೊಳೆದುಬಿಟ್ಟಳು.

ಯಳವಿಯ ಅಂಗಳದಲ್ಲಿ ಗಟದ ಹನ್ನೆರಡೂ ಹೆಂಗಸರು ಸೇರಿದ್ದರು. ಹೆಚ್ಚಿದ ಮಾವಿನಕಾಯಿಯ ರಾಶಿ, ಕಲ್ಲಿನ ಒಲೆ, ಕಡಾಯಿಯಲ್ಲಿ ಎಣ್ಣೆ. ಚಂದ್ರಾಬಾಯಿ ಕಂಪನಿಯ ಪಾಕೀಟನ್ನು ಎಲ್ಲರಿಗೂ ಕಾಣುವಂತೆ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಇಂದ್ರಾಬಾಯಿ ಯಾರ ಮುಖವನ್ನೂ ನೋಡದೆ ಮಹಮುದಾಳ ಇಂಗನ್ನು ಕುಟ್ಟಿ, ಒಂದು ಚಿಟಿಕೆ ಎಣ್ಣೆಗೆ ಬಿಟ್ಟಳು.

ಚುರ್ ಅಂದಿತು. ಹೊಗೆ ಎದ್ದಿತು. ಮಹಮುದಾಳಿಗೆ ಕೊಳೆತದ್ದೆಲ್ಲ ಒಮ್ಮೆಗೇ ಮುಖಕ್ಕೆ ರಾಚಿದಂತಾಯಿತು. ಐದಾರು ತಿಂಗಳ ಸಾಧನೆಯೂ ಆ ಬಿಸಿ ಎಣ್ಣೆಯ ಮುಂದೆ ನಿಲ್ಲಲಿಲ್ಲ. ಕಣ್ಣಲ್ಲಿ ನೀರು ತುಂಬಿತು, ಸೆರಗಿನಿಂದ ಮೂಗು ಬಾಯಿ ಒತ್ತಿ ಹಿಡಿದು ಆ ಕಡೆ ತಿರುಗಿಬಿಟ್ಟಳು.

“ನೋಡ್ರಿ ನೋಡ್ರಿ!” ಚಂದ್ರಾಬಾಯಿ ಕುಣಿದಳು. “ಮಾಡಿದಾಕಿಗೇ ಹೇಸಿಗಿ ಬಂದದ!”

ಯಾರೂ ಅವಳ ಮಾತು ಕೇಳಲಿಲ್ಲ. ಹೆಂಗಸರೆಲ್ಲ ಕಡಾಯಿಯ ಕಡೆ ಬಗ್ಗಿದ್ದರು. ಒಬ್ಬಳು ಕಣ್ಣು ಮುಚ್ಚಿ ಉಸಿರು ಎಳೆದುಕೊಂಡಳು. ಇನ್ನೊಬ್ಬಳು “ಅಬ್ಬಾ!” ಅಂದಳು. ಗೋಡೆಯ ಆಚೆಯಿಂದ ರೇವಪ್ಪನವರು, “ಏನ ಒಗ್ಗರಣಿ ಹಾಕೀರಿ? ಹೊಟ್ಟಿ ಹಸೀತಲ್ಲ!” ಎಂದು ಕೂಗಿದರು. ಇಂದ್ರಾಬಾಯಿ ಚಂದ್ರಾಬಾಯಿಯ ಮಡಿಲಿಂದ ಪಾಕೀಟು ತೆಗೆದು ಒಳಗಿಟ್ಟು ಬಂದಳು. ಆದರೆ ಅವಳ ಕಣ್ಣು ಮಹಮುದಾಳ ಸೆರಗಿನ ಮೇಲಿತ್ತು. ಆ ಕಣ್ಣಿಗೆ ಮಣ್ಣು ಎರಚುವುದು ಸುಲಭವಲ್ಲ.

“ಇತ್ತ ಬಾ. ಖರೇ ಹೇಳು. ಏನಾಗೇದ ನಿನಗ?”

ಮಹಮುದಾ ಸೆರಗು ತೆಗೆದಳು. ಮುಚ್ಚಿಟ್ಟು ಒಮ್ಮೆ ಕೆಟ್ಟದ್ದು ಸಾಕಾಗಿತ್ತು. ಹನ್ನೆರಡು ಹೆಂಗಸರ ಮುಂದೆ ಎಲ್ಲ ಹೇಳಿದಳು. ಹಸಿ ಇಂಗು ಮೂಸಿದರೆ ಏನು ನಾರುತ್ತದೆ, ಒಗ್ಗರಣೆ ನಾರುವುದು ಹೇಗೆ, ಮನೆಯಲ್ಲಿ ದೀಪಾವಳಿಯಿಂದ ಉಳ್ಳಾಗಡ್ಡಿ ಹೆಚ್ಚಿಲ್ಲ, ಡಬ್ಬಿಗಳ ಹೆಸರು ಏನೇನು, ಎಲ್ಲವೂ. ಚಂದ್ರಾಬಾಯಿ ನೆಲ ನೋಡಿದಳು.

“ಅಂದ್ರ ಈ ಘಮಾ…” ಇಂದ್ರಾಬಾಯಿ ಕಡಾಯಿಯ ಕಡೆ ಕೈ ತೋರಿದಳು. “ಇದು ನಿನಗ ಬರಂಗೇ ಇಲ್ಲೇನ?”

“ಇಲ್ರಿ ಅಕ್ಕಾರ. ನಿಮಗ ಎಷ್ಟು ಚಲೋ ಬರತದೋ ನನಗ ಅಷ್ಟು ಹೊಲಸ ಬರತದ. ಅಳತಿ ತಪ್ಪಂಗಿಲ್ಲ.”

“ಮುಂದ ಸರಿ ಆದೀತೇನ?”

“ಗುರೂಜಿಗೂ ಗೊತ್ತಿಲ್ರಿ.”

“ಮತ್ತ ಹಿಂಗ ಎಷ್ಟು ವರ್ಷ ಮೂಸ್ತೀ?”

“ಕೈಲಾಗೋತನ ಮೂಸ್ತೀನ್ರಿ,” ಅಂದಳು ಮಹಮುದಾ. ಇಂದ್ರಾಬಾಯಿ ಅವಳ ತಲೆಯ ಮೇಲೆ ಕೈಯಿಟ್ಟಳು. ದೊಡ್ಡ ಕಡಾಯಿಯ ಎಣ್ಣೆ ಕಾದಿತ್ತು. ಮಹಮುದಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕುಟ್ಟಿದ ಇಂಗಿನ ಬಟ್ಟಲನ್ನು ತಾನೇ ಎತ್ತಿಕೊಂಡು, ಮುಖ ತಿರುಗಿಸದೆ ಹೊಗೆಯ ಮೇಲೆ ಬಗ್ಗಿದಳು.